ಸಕ್ಕರೆ ಕಾಯಿಲೆ, ಉರಿಮೂತ್ರ ಮತ್ತು ಹಟಮಾರಿ ಕ್ರಿಮಿ



ಈ ಸಲ ನಾನು ಬರೆಯುತ್ತಿರುವ ವಿಷಯ ಬಾಯಿಬಿಟ್ಟು ಹೇಳಲು ಬಹಳ ಜನರಿಗೆ ನಾಚಿಕೆ. ಆದರೆ ನಾಚಿಕೊಂಡು ಮುಚ್ಚಿಟ್ಟರೆ ಈ ರೋಗ ಬಲಿಯುತ್ತದೆ. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳಿದೆ. ಭಟ್ಕಳ, ಹೊನ್ನಾವರ, ಕುಮಟಾದ ನಮ್ಮ ಮನೆಗಳೂ ಇದಕ್ಕೆ ಹೊರತಲ್ಲ.

ಇವರಿಗೇ ಉರಿಮೂತ್ರ ಹೆಚ್ಚು ಏಕೆ?

1. ರಕ್ತದಲ್ಲಿ ಸಕ್ಕರೆ ಏರಿದರೆ ಕ್ರಿಮಿಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳ ಶಕ್ತಿ ಕುಗ್ಗುತ್ತದೆ.
2. ಕಾಯಿಲೆ ಹಳೆಯದಾದಂತೆ ಮೂತ್ರಕೋಶದ ನರಗಳು ದುರ್ಬಲವಾಗಬಹುದು. ಆಗ ಮೂತ್ರ ಪೂರ್ತಿ ಖಾಲಿಯಾಗದೆ ಒಳಗೇ ನಿಲ್ಲುತ್ತದೆ, ಕ್ರಿಮಿ ಬೆಳೆಯುತ್ತದೆ.
3. ಹೆಂಗಸರಿಗೆ ಮೂತ್ರನಾಳ ಗಿಡ್ಡ. ಪೇಟೆಯಲ್ಲಿ ದಿನವಿಡೀ ಕೂತು ಮೀನು ಮಾರುವವರು ಹತ್ತಿರ ಶೌಚಾಲಯ ಇಲ್ಲದಿದ್ದರೆ ನೀರು ಕುಡಿಯದೆ ತಡೆದುಕೊಳ್ತಾರೆ. ಇದರಿಂದ ತೊಂದರೆ ಇನ್ನೂ ಹೆಚ್ಚುತ್ತದೆ.

ಹೆಚ್ಚಿನ ಸಲ ಈ ರೋಗ ತರುವುದು ಇ. ಕೊಲೈ ಎಂಬ ಬ್ಯಾಕ್ಟೀರಿಯಾ. ಕರುಳಿನಲ್ಲಿ ಅದು ಸುಮ್ಮನೆ ಇರುತ್ತದೆ. ಮೂತ್ರದ ದಾರಿಗೆ ಬಂದರೆ ಉಪದ್ರ.

ಗುಳಿಗೆ ಏಕೆ ನಾಟುವುದಿಲ್ಲ?

ಕುಮಟಾದ ಅಘನಾಶಿನಿ ದಂಡೆಯ ಗಜನಿ ಗದ್ದೆ ನೆನಪು ಮಾಡಿಕೊಳ್ಳಿ. ಉಪ್ಪುನೀರು ನುಗ್ಗಿದರೆ ಬೇರೆ ಭತ್ತ ಸಾಯುತ್ತದೆ, ಕಗ್ಗ ಭತ್ತ ನಿಲ್ಲುತ್ತದೆ. ಉಳಿದದ್ದೇ ಮುಂದಿನ ಬೆಳೆಗೆ ಬೀಜ. ಆಂಟಿಬಯೋಟಿಕ್ ತಗೊಂಡಾಗಲೂ ಹೀಗೇ. ಸಾಮಾನ್ಯ ಕ್ರಿಮಿ ಸಾಯುತ್ತದೆ, ತಡೆದುಕೊಳ್ಳುವಂಥದ್ದು ಉಳಿಯುತ್ತದೆ. ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ತನ್ನ ಗುಣವನ್ನು ಪಕ್ಕದ ಕ್ರಿಮಿಗೂ ದಾಟಿಸುತ್ತದೆ. ಕಗ್ಗ ನಮಗೆ ಅನ್ನ ಕೊಡುತ್ತದೆ, ಈ ಕ್ರಿಮಿ ಪ್ರಾಣ ತೆಗೆಯಬಹುದು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲೇ ಈ ಅಪಾಯದ ಬಗ್ಗೆ ಎಚ್ಚರಿಸಿದ್ದರು.

ನಮ್ಮ ಅಜ್ಜಿಗೂ ಸಕ್ಕರೆ ಕಾಯಿಲೆ. ಉರಿಮೂತ್ರ ಬಂದಾಗ "ಆಚೆ ಮನೆಯವಳಿಗೆ ಇದರಲ್ಲೇ ವಾಸಿ ಆಯ್ತಲ್ಲ ಮಗಾ" ಅಂತ ಅವರಲ್ಲಿ ಉಳಿದಿದ್ದ ಮೂರು ಗುಳಿಗೆ ನುಂಗಿದರು. ಉರಿ ಇಳಿಯಿತು. ಆಮೇಲೆ ಚಳಿಜ್ವರ, ಬೆನ್ನುನೋವು ಶುರುವಾಯಿತು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು! ಡಾಕ್ಟರು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದರು. ಯಾವ ಔಷಧಕ್ಕೆ ಕ್ರಿಮಿ ಸಾಯುತ್ತದೆ, ಯಾವುದಕ್ಕೆ ಇಲ್ಲ ಎಂದು ಆ ವರದಿಯಲ್ಲಿ ಇರುತ್ತದೆ. ಅಜ್ಜಿಗೆ ಗುಳಿಗೆ ಸಾಲದೆ ಆಸ್ಪತ್ರೆಯಲ್ಲಿಟ್ಟು ಇಂಜೆಕ್ಷನ್ ಕೊಡಬೇಕಾಯಿತು. ಈಗ ಹುಷಾರಾಗಿದ್ದಾರೆ.

ನೆನಪಿಡಿ

* ಉರಿ, ಪದೇ ಪದೇ ಮೂತ್ರ, ಕೆಟ್ಟ ವಾಸನೆ ಕಂಡರೆ ಆಸ್ಪತ್ರೆಗೆ ಹೋಗಿ. ಚಳಿಜ್ವರ, ವಾಂತಿ ಇದ್ದರೆ ಅದೇ ದಿನ ಹೋಗಿ.
* ಕಲ್ಚರ್‌ಗೆ ಮೂತ್ರವನ್ನು ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಕೊಡಬೇಕು. ವರದಿಗೆ ಎರಡು ಮೂರು ದಿನ ಬೇಕು.
* ಡಾಕ್ಟರು ಹೇಳಿದಷ್ಟು ದಿನ ಔಷಧ ತಗೊಳ್ಳಿ. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಬೇಡ.
* ಯಾವ ತೊಂದರೆಯೂ ಇಲ್ಲದೆ ಪರೀಕ್ಷೆಯಲ್ಲಿ ಮಾತ್ರ ಕ್ರಿಮಿ ಕಂಡರೆ ಸಾಮಾನ್ಯವಾಗಿ ಔಷಧ ಬೇಡ. ಗರ್ಭಿಣಿಯರ ವಿಷಯ ಬೇರೆ.
* ಜೀರಿಗೆ ನೀರು, ಬಾರ್ಲಿ ನೀರು ಹಿತ ಕೊಡಬಹುದು, ಕ್ರಿಮಿ ಕೊಲ್ಲುವುದಿಲ್ಲ.
* ಎಲ್ಲಕ್ಕಿಂತ ಮೊದಲು ಸಕ್ಕರೆ ಹತೋಟಿಯಲ್ಲಿರಲಿ.

ಮನೆಗೆಲಸ: ಮನೆಯಲ್ಲಿ ಉಳಿದ ಗುಳಿಗೆ ಪಟ್ಟಿಯ ಮೇಲೆ ಕೆಂಪು ಗೆರೆ ಇದೆಯೇ ನೋಡಿ. ಡಾಕ್ಟರ ಚೀಟಿ ಇಲ್ಲದೆ ಅದನ್ನು ತಗೊಳ್ಳಬಾರದು ಎಂಬುದಕ್ಕೆ ಅದು ಗುರುತು. ಓದಲು ಬಾರದ ಅಜ್ಜ ಅಜ್ಜಿಯರಿಗೆ ನೀವೇ ತೋರಿಸಿ ಹೇಳಿ.