ಒಂದು ಎಳೆಯಲ್ಲಿ ಐದು ಉಷ್ಣಮಾಪಕಗಳು

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಬಾಲಕಿಯರಲ್ಲಿ ಹಲವರಿಗೆ ಹಿಪ್ಪುನೇರಳೆಯ ತೋಟವೂ ರೇಷ್ಮೆಯ ಹುಳುಮನೆಯೂ ಹೊಸವಲ್ಲ. ರೇಷ್ಮೆಹುಳುವಿಗೆ ತನ್ನದೇ ಆದ ಮೈಶಾಖವಿಲ್ಲ. ಸುತ್ತಣ ಗಾಳಿಯ ಬಿಸಿಯೇ ಹೆಚ್ಚುಕಡಮೆ ಅದರ ಮೈಯ ಬಿಸಿ. ಆದುದರಿಂದ ಎರಡನೆಯ ಜ್ವರದ ವರೆಗಿನ ಚಾಕಿ ಹುಳುಗಳಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್, ಕೊನೆಯ ಹಂತದ ಹುಳುಗಳಿಗೆ 24ರಿಂದ 25 ಡಿಗ್ರಿ ಹಿತವೆಂದು ಬಲ್ಲವರು ಹೇಳುವರು. ಬೆಳೆದ ಹುಳುಗಳು ಅತಿಶಾಖಕ್ಕೆ ಸಿಕ್ಕಿದರೆ ಮೇವು ಕಡಮೆ ಮಾಡುವುವು. ಹಾಲುತೊಂಡೆ, ಸಪ್ಪೆ ಮೊದಲಾದ ರೋಗಗಳಿಗೂ ಸುಲಭವಾಗಿ ಈಡಾಗುವುವು. ಮನೆಯವರ ದುಡಿಮೆಯೂ ಸೊಪ್ಪಿಗೆ ಹಾಕಿದ ಹಣವೂ ಈ ಮೂರು ನಾಲ್ಕು ಡಿಗ್ರಿಗಳನ್ನು ನೆಚ್ಚಿಕೊಂಡಿರುತ್ತವೆ.

ಗೋಡೆಗೆ ತೂಗುಹಾಕಿದ ಉಷ್ಣಮಾಪಕವೊಂದೇ ಇದಕ್ಕೆ ಸಾಲದೆ? ಸಾಲದು. ಬಿಸಿಗಾಳಿ ಮೇಲಕ್ಕೇರುವುದರಿಂದ ಮೇಲಣ ತಟ್ಟೆಗೂ ಕೆಳಗಣ ತಟ್ಟೆಗೂ ಭೇದವುಂಟು. ಬಾಗಿಲ ಬಳಿಯಲ್ಲಿ ಒಂದು ಬಗೆ, ಮೂಲೆಯಲ್ಲಿ ಇನ್ನೊಂದು ಬಗೆ. ಮೇಲಾಗಿ, ನಡುರಾತ್ರಿಯಲ್ಲಿ ಎಷ್ಟಿತ್ತೆಂಬುದನ್ನು ಬೆಳಗ್ಗೆ ನೋಡಿದ ಮಾಪಕವು ಹೇಳಲಾರದು. ಆದುದರಿಂದ ಹಲವು ಕಡೆಗಳಲ್ಲಿ ಏಕಕಾಲಕ್ಕೆ ಅಳೆದು ತಾನೇ ಬರೆದಿಡುವ ಯಂತ್ರವೊಂದನ್ನು ಬಾಲಕಿಯರೇ ಜೋಡಿಸುವ ಬಗೆಯನ್ನು ನಾವು ಇಲ್ಲಿ ವಿವರಿಸುವೆವು.

ಇದಕ್ಕೆ ಬೇಕಾದ ಮೊದಲ ವಸ್ತು ಆರ್ಡುಯಿನೊ ಎಂಬ ಪುಟ್ಟ ಫಲಕ. ವಿದ್ಯಾರ್ಥಿಗಳ ಉಪಯೋಗಕ್ಕೆಂದು ಇಟಲಿಯ ಇವ್ರಿಯಾ ಪಟ್ಟಣದಲ್ಲಿ 2005ರಲ್ಲಿ ಇದು ಹುಟ್ಟಿತು. ಇದರ ಊನೊ ಎಂಬ ಮಾದರಿ ನಮ್ಮ ಕೆಲಸಕ್ಕೆ ಸಾಕು. ಎರಡನೆಯದು ಉಷ್ಣತೆಯನ್ನರಿಯುವ ಸೆನ್ಸರು. ಎಲ್‌ಎಂ35 ಎಂಬ ಬಗೆಯು ಡಿಗ್ರಿಯೊಂದಕ್ಕೆ 10 ಮಿಲಿವೋಲ್ಟಿನಂತೆ ಸಂಜ್ಞೆ ಕೊಡುವುದು. ಅದರಲ್ಲಿ ಒಂದೊಂದಕ್ಕೂ ಒಂದೊಂದು ದ್ವಾರ ಬೇಕು, ಊನೊವಿನಲ್ಲಿ ಅಂಥ ದ್ವಾರಗಳು ಆರೇ. ಇಷ್ಟು ಕ್ಷೀಣವಾದ ಸಂಜ್ಞೆಯು ಉದ್ದನೆಯ ತಂತಿಯಲ್ಲಿ ಕೆಡುವುದೂ ಉಂಟು. ಡಿಎಸ್18ಬಿ20 ಎಂಬ ಬಗೆಯಾದರೋ ಅಳತೆಯನ್ನು ತಾನೇ ಅಂಕಿಯಾಗಿ ಮಾಡಿ ಕಳುಹಿಸುವುದು. ಹಲವು ಸೆನ್ಸರುಗಳು ಒಂದೇ ಸಂಜ್ಞಾತಂತಿಯನ್ನು ಹಂಚಿಕೊಳ್ಳಬಲ್ಲವು. ಉಕ್ಕಿನ ಕೊಳವೆಯಲ್ಲಿ ಮುಚ್ಚಿ, ನೀರು ಹೋಗದಂತೆ ಮಾಡಿದ ಬಗೆಯನ್ನು ಆರಿಸತಕ್ಕದ್ದು.

ಜೋಡಣೆ ಹೀಗೆ. ಪ್ರತಿ ಸೆನ್ಸರಿಗೂ ಮೂರು ತಂತಿಗಳಿರುವುವು. ಸಾಧಾರಣವಾಗಿ ಕೆಂಪು ವಿದ್ಯುತ್ತಿಗೆ, ಕಪ್ಪು ಭೂಸಂಪರ್ಕಕ್ಕೆ, ಹಳದಿ ಸಂಜ್ಞೆಗೆ. ಬಣ್ಣಗಳು ಬೇರೆಯಾಗಿರುವುದೂ ಉಂಟಾದುದರಿಂದ ಕೊಂಡವರಿಂದ ಕೇಳಿ ತಿಳಿಯಬೇಕು. ಅದಲುಬದಲಾದರೆ ಸೆನ್ಸರು ಕೈಸುಡುವಷ್ಟು ಕಾಯುವುದು; ಕೂಡಲೇ ವಿದ್ಯುತ್ತನ್ನು ತೆಗೆಯತಕ್ಕದ್ದು. ಕೆಂಪು ತಂತಿಗಳನ್ನೆಲ್ಲ 5 ವೋಲ್ಟಿಗೂ, ಕಪ್ಪು ತಂತಿಗಳನ್ನೆಲ್ಲ ಭೂಸಂಪರ್ಕಕ್ಕೂ, ಹಳದಿ ತಂತಿಗಳನ್ನೆಲ್ಲ 2ನೆಯ ದ್ವಾರಕ್ಕೂ ಸೇರಿಸುವುದು. ಹಳದಿಗೂ ಕೆಂಪಿಗೂ ನಡುವೆ 4,700 ಓಮಿನ ರೋಧಕವೊಂದನ್ನು ಇಡಬೇಕು. ಹಳದಿ, ನೇರಳೆ, ಕೆಂಪು ಪಟ್ಟೆಗಳಿಂದ ಅದನ್ನು ಗುರುತಿಸಬಹುದು. ಸೆನ್ಸರುಗಳು ಎಷ್ಟಿದ್ದರೂ ಇಂಥ ರೋಧಕ ಒಂದೇ ಸಾಕು. ಮುಖ್ಯ ತಂತಿಯನ್ನು ಗೋಡೆಯುದ್ದಕ್ಕೂ ಒಂದೇ ಸಾಲಾಗಿ ಎಳೆದು, ಅಲ್ಲಲ್ಲಿ ಗಿಡ್ಡ ಕವಲುಗಳನ್ನು ಬಿಡುವುದು ಲೇಸು. ನಡುವಿನಿಂದ ನಾಲ್ಕು ದಿಕ್ಕಿಗೂ ಹರಡಿದರೆ ಸಂಜ್ಞೆ ಕೆಡುವುದು.

ಒಂದೇ ತಂತಿಯಲ್ಲಿ ಐದು ಸೆನ್ಸರುಗಳು ಮಾತನಾಡಿದರೆ ಯಾರ ಮಾತು ಯಾರದೆಂದು ತಿಳಿಯುವುದೆಂತು? ಪ್ರತಿಯೊಂದಕ್ಕೂ ಕಾರ್ಖಾನೆಯಲ್ಲಿಯೇ ಕೊಟ್ಟ 64 ಬಿಟ್ಟಿನ ಸಂಖ್ಯೆಯುಂಟು. ಒಂದರ ಸಂಖ್ಯೆ ಮತ್ತೊಂದಕ್ಕಿಲ್ಲ. ಇಲ್ಲಿ ಬಹು ಜನರು ತಪ್ಪುವರು. ಪ್ರೋಗ್ರಾಮು ಸೆನ್ಸರುಗಳನ್ನು ಕಂಡುಕೊಳ್ಳುವುದು ಈ ಸಂಖ್ಯೆಗಳ ಕ್ರಮದಿಂದಲೇ ಹೊರತು ನಾವು ಕಟ್ಟಿದ ಸ್ಥಳಗಳ ಕ್ರಮದಿಂದಲ್ಲ. ಒಂದು ಸೆನ್ಸರು ಕೆಟ್ಟು ಹೊಸದನ್ನು ಹಾಕಿದರೆ ಮೊದಲನೆಯದು ಎರಡನೆಯದಾಗಬಹುದು. ಮೇಲಣ ತಟ್ಟೆಯ ಶಾಖವು ಕೆಳಗಣ ತಟ್ಟೆಯ ಹೆಸರಿನಲ್ಲಿ ಬರೆಯಲ್ಪಡುವುದು. ಆದುದರಿಂದ ಸೆನ್ಸರುಗಳನ್ನು ಒಂದೊಂದಾಗಿ ಸೇರಿಸಿ, ಅದರ ಸಂಖ್ಯೆಯನ್ನು ಓದಿ ಪುಸ್ತಕದಲ್ಲಿ ಬರೆದುಕೊಂಡು, ತಂತಿಗೆ ಚೀಟಿ ಕಟ್ಟಿ, ಪ್ರೋಗ್ರಾಮಿನಲ್ಲಿ ಆ ಸಂಖ್ಯೆಯಿಂದಲೇ ಕರೆಯತಕ್ಕದ್ದು.

ಮುಂದೆ ಸೆನ್ಸರುಗಳನ್ನೇ ಪರೀಕ್ಷಿಸಬೇಕು. ಇವು ಅರ್ಧ ಡಿಗ್ರಿಯಷ್ಟು ಹೆಚ್ಚುಕಡಮೆ ತೋರುವುದು ತಯಾರಕರು ಒಪ್ಪಿದ ಮಿತಿಯೊಳಗೇ ಇದೆ. ಎರಡು ಸೆನ್ಸರುಗಳ ನಡುವೆ ಒಂದು ಡಿಗ್ರಿಯ ಅಂತರವಿರಬಹುದೆಂದಾಯಿತು. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಸೇರಿಸಿ ಕಲಕಿ, ಐದನ್ನೂ ಒಟ್ಟಿಗೆ ಕಟ್ಟಿ ಅದರಲ್ಲಿ ಅದ್ದಿ, ಅಂಕಿಗಳು ನಿಲ್ಲುವ ವರೆಗೆ ಕಾಯಿರಿ. ಸೊನ್ನೆಯಿರಬೇಕಾದಲ್ಲಿ 0.3 ತೋರಿದುದಕ್ಕೆ 0.3ನ್ನು ಕಳೆಯುವುದು. ಬಳಿಕ ಸಾಧಾರಣ ನೀರಿನ ಬಕೆಟ್ಟಿನಲ್ಲಿಯೂ ಅದ್ದಿ, ಐದೂ ಒಂದೇ ಅಂಕಿಗೆ ಬರುವುವೇ ನೋಡಬೇಕು. ಕುದಿಯುವ ನೀರನ್ನು 100 ಡಿಗ್ರಿಯೆಂದು ನಂಬಬಾರದು. ನಮ್ಮ ಸೀಮೆಯು ಸಮುದ್ರಮಟ್ಟಕ್ಕಿಂತ ಬಹಳ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಅದಕ್ಕಿಂತ ಕೆಳಗೇ ಕುದಿಯುವುದು.

ಲೆಕ್ಕ ಬರೆಯಲು ಎಸ್‌ಡಿ ಕಾರ್ಡೂ, ವಿದ್ಯುತ್ತು ಹೋದರೂ ಸಣ್ಣ ಬ್ಯಾಟರಿಯಿಂದ ನಡೆಯುವ ಡಿಎಸ್3231 ಗಡಿಯಾರವೂ ಬೇಕು. ಐದು ನಿಮಿಷಕ್ಕೊಮ್ಮೆ ಬರೆದರೆ ದಿನಕ್ಕೆ 288 ಸಾಲುಗಳಾಗುವುವು. ಐದೂ ಸೆನ್ಸರುಗಳಿಗೆ ಒಂದೇ ಆಜ್ಞೆ ಕೊಟ್ಟು 750 ಮಿಲಿಸೆಕೆಂಡು ಕಾದರೆ ಎಲ್ಲವೂ ಏಕಕಾಲದಲ್ಲಿ ಅಳೆದಿರುವುವು. ಪ್ರತಿ ಸಾಲಿನ ಬಳಿಕ ಕಡತವನ್ನು ಮುಚ್ಚಿದರೆ ವಿದ್ಯುತ್ತು ಹೋದಾಗ ಬರೆದುದು ಅಳಿಯುವ ಭಯ ಕಡಮೆ.

ಎರಡು ಅಂಕಿಗಳ ವಿಷಯದಲ್ಲಿ ಎಚ್ಚರವಿರಲಿ. ಅಳೆಯುವ ಮೊದಲೇ ಓದಿದರೆ ಸೆನ್ಸರು 85 ಎನ್ನುವುದು. ತಂತಿ ಕಡಿದರೆ ಬಳಕೆಯ ಪ್ರೋಗ್ರಾಮು ಋಣ 127 ಎನ್ನುವುದು. ಇವು ಶಾಖದ ಅಳತೆಗಳಲ್ಲ, ದೋಷದ ಗುರುತುಗಳು. ಅಂಥಲ್ಲಿ ಸೊನ್ನೆಯನ್ನಾಗಲಿ ಊಹೆಯ ಅಂಕಿಯನ್ನಾಗಲಿ ತುಂಬದೆ ಸ್ಥಳವನ್ನು ಬರಿದಾಗಿ ಬಿಡುವುದು. ಸೆನ್ಸರನ್ನು ಒದ್ದೆ ಸೊಪ್ಪಿಗೆ ತಾಗಿಸಬಾರದು. ನೀರಾರುವಾಗ ಅದು ತಂಪಾಗಿ ನಿಜಕ್ಕಿಂತ ಕಡಮೆ ತೋರುವುದು.

ರಾತ್ರಿ ಎದ್ದು ಹುಳುಮನೆಗೆ ಬೆಂಕಿಯಿಡಬೇಕೆ, ಗೋಣಿತಟ್ಟನ್ನು ನೆನೆಸಿ ಕಟ್ಟಬೇಕೆ ಎಂದು ತಾಯಿ ನಿಶ್ಚಯಿಸುವುದು ಮಗಳು ಓದಿಹೇಳುವ ಅಂಕಿಯ ಮೇಲೆ. ಅಂಕಿಯೇ ಇಲ್ಲದಿದ್ದರೆ ಆಕೆ ತನ್ನ ಅನುಭವವನ್ನು ನಂಬುವಳು. ತಪ್ಪು ಅಂಕಿಯಿದ್ದರೆ ಅದನ್ನೂ ಬಿಟ್ಟು ಕೆಡುವಳು. ಆದಕಾರಣ ಬಾಲಕಿಯರು ತಂತಿ ಜೋಡಿಸುವುದರಲ್ಲಿ ಎಷ್ಟು ಉತ್ಸಾಹ ತೋರುವರೋ ಚೀಟಿ ಕಟ್ಟುವುದರಲ್ಲಿಯೂ ಮಂಜಿನ ನೀರಿನಲ್ಲಿ ಪರೀಕ್ಷಿಸುವುದರಲ್ಲಿಯೂ ಅಷ್ಟೇ ಶ್ರದ್ಧೆ ತೋರಬೇಕೆಂದು ನಾವು ಬಯಸುವೆವು.