ವಿಧಾನಸಭೆಯಿಂದ ಲೋಕಸಭೆಗೆ

ನಾನು ವಾಸವಾಗಿರುವ ರಾಜಗೋಪಾಲನಗರವು ದಾಸರಹಳ್ಳಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿದುದು. ದಾಸರಹಳ್ಳಿಯಾದರೋ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದ ಎಂಟು ಭಾಗಗಳಲ್ಲೊಂದು. ಆದುದರಿಂದ ನಮ್ಮ ಮತದಾರರು ಶಾಸಕರೊಬ್ಬರನ್ನೂ ಲೋಕಸಭಾ ಸದಸ್ಯರೊಬ್ಬರನ್ನೂ ಆರಿಸುತ್ತಾರೆ. ಶಾಸಕರಾದವರು ಲೋಕಸಭೆಗೆ ಹೋದರೆ ‘ಬಡ್ತಿ ದೊರೆಯಿತು’ ಎನ್ನುವ ವಾಡಿಕೆಯುಂಟು. ಈ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸೋಣ.

ನಮ್ಮ ಕ್ಷೇತ್ರದಲ್ಲಿಯೇ ಇದಕ್ಕೆ ನಿದರ್ಶನಗಳಿವೆ. 2014 ಮತ್ತು 2019ರಲ್ಲಿ ಇಲ್ಲಿಂದ ಆಯ್ಕೆಯಾದ ಡಿ. ವಿ. ಸದಾನಂದಗೌಡರು 1994 ಮತ್ತು 1999ರಲ್ಲಿ ಪುತ್ತೂರಿನಿಂದ ವಿಧಾನಸಭೆಗೆ ಬಂದವರು. 2004ರಲ್ಲಿ ಮಂಗಳೂರಿನಿಂದ ಲೋಕಸಭೆಗೆ ಹೋದರು. 2011ರಲ್ಲಿ ಮುಖ್ಯಮಂತ್ರಿಗಳಾದಾಗ ಲೋಕಸಭಾ ಸ್ಥಾನವನ್ನು ಬಿಟ್ಟು ರಾಜ್ಯಕ್ಕೆ ಮರಳಿದರು. 2024ರಲ್ಲಿ ಇಲ್ಲಿಂದ ಗೆದ್ದ ಶೋಭಾ ಕರಂದ್ಲಾಜೆಯವರು 2004ರಲ್ಲಿ ವಿಧಾನ ಪರಿಷತ್ತನ್ನೂ, 2008ರಲ್ಲಿ ಯಶವಂತಪುರದಿಂದ ವಿಧಾನಸಭೆಯನ್ನೂ, 2014ರಲ್ಲಿ ಉಡುಪಿ–ಚಿಕ್ಕಮಗಳೂರಿನಿಂದ ಲೋಕಸಭೆಯನ್ನೂ ಪ್ರವೇಶಿಸಿದವರು. ಈ ಹಾದಿಯಲ್ಲಿ ಹೋಗುವುದೂ ಉಂಟು, ಹಿಂದಿರುಗುವುದೂ ಉಂಟು.

ರಾಜ್ಯಾಂಗವು ಇವೆರಡನ್ನು ಮೇಲುಕೀಳಾಗಿ ಎಣಿಸಿಲ್ಲ. ವಿಧಾನಸಭೆಗೂ ಲೋಕಸಭೆಗೂ ಕನಿಷ್ಠ ವಯಸ್ಸು 25 ವರ್ಷವೇ. ಕರ್ನಾಟಕದ ವಿಧಾನಸಭಾ ಸ್ಥಾನಗಳು 224, ಲೋಕಸಭಾ ಸ್ಥಾನಗಳು 28. ಕ್ಷೇತ್ರವೇನೋ ಎಂಟರಷ್ಟು ಹಿರಿದಾಗುತ್ತದೆ. ಆದರೆ ಅಧಿಕಾರದ ವಿಷಯಗಳೇ ಬದಲಾಗುತ್ತವೆ. ಪೊಲೀಸು, ಸ್ಥಳೀಯ ಆಡಳಿತ, ನೀರು ಸರಬರಾಜು ರಾಜ್ಯದ ಪಟ್ಟಿಯಲ್ಲಿವೆ. ರೈಲ್ವೆ, ಬ್ಯಾಂಕು, ರಕ್ಷಣೆ ಕೇಂದ್ರದ ಪಟ್ಟಿಯಲ್ಲಿವೆ. ಕಾರ್ಮಿಕರ ಕಲ್ಯಾಣವು ಉಭಯರಿಗೂ ಸೇರಿದೆ. ಪೀಣ್ಯದ ಕಾರ್ಖಾನೆಯ ಕೆಲಸಗಾರನೊಬ್ಬನ ಮನೆಯ ಒಳಚರಂಡಿ 1964ರ ರಾಜ್ಯ ಶಾಸನದಿಂದಾದ ಮಂಡಲಿಯದು. ಅವನ ಭವಿಷ್ಯನಿಧಿ ಸಂಸತ್ತಿನ ಶಾಸನದ್ದು. ಎರಡಕ್ಕೂ ಒಂದೇ ಬಾಗಿಲು ತಟ್ಟಿದರೆ ಫಲವಿಲ್ಲ.

ಇನ್ನೊಂದು ಮುಖ್ಯ ಸಂಗತಿ. 101ನೆಯ ವಿಧಿಯ ಪ್ರಕಾರ ಒಬ್ಬರೇ ಎರಡೂ ಕಡೆ ಸದಸ್ಯರಾಗಿರುವಂತಿಲ್ಲ. ಆಯ್ಕೆಯು ರಾಜ್ಯಪತ್ರದಲ್ಲಿ ಪ್ರಕಟವಾದ 14 ದಿನಗಳೊಳಗೆ ರಾಜ್ಯದ ಸ್ಥಾನಕ್ಕೆ ರಾಜೀನಾಮೆ ಕೊಡದಿದ್ದರೆ ಸಂಸತ್ತಿನ ಸ್ಥಾನವೇ ತೆರವಾಗುತ್ತದೆ. 2024ರಲ್ಲಿ ಬಸವರಾಜ ಬೊಮ್ಮಾಯಿಯವರು ಹಾವೇರಿಯಿಂದ, ಎಚ್. ಡಿ. ಕುಮಾರಸ್ವಾಮಿಯವರು ಮಂಡ್ಯದಿಂದ, ಇ. ತುಕಾರಾಮರು ಬಳ್ಳಾರಿಯಿಂದ ಲೋಕಸಭೆಗೆ ಹೋದರು. ಅವರು ಬಿಟ್ಟ ಶಿಗ್ಗಾಂವಿ, ಚನ್ನಪಟ್ಟಣ, ಸಂಡೂರುಗಳಲ್ಲಿ ಅದೇ ನವೆಂಬರಿನಲ್ಲಿ ಉಪಚುನಾವಣೆ ನಡೆಯಿತು. 2023ರಲ್ಲಿ ಐದು ವರ್ಷಕ್ಕೆಂದು ಮತ ಕೊಟ್ಟಿದ್ದ ಜನ ಒಂದೂವರೆ ವರ್ಷದಲ್ಲಿ ಪುನಃ ಮತಗಟ್ಟೆಗೆ ಬರಬೇಕಾಯಿತು. ನಡುವಣ ತಿಂಗಳುಗಳಲ್ಲಿ ಅವರ ಪರವಾಗಿ ವಿಧಾನಸಭೆಯಲ್ಲಿ ಕೇಳುವವರಿರಲಿಲ್ಲ.

ಹಾಗೆಂದು ಈ ಹಾದಿ ಮುಚ್ಚಬೇಕೆಂದು ನಾನು ಹೇಳುವುದಿಲ್ಲ. ರಾಜ್ಯದ ಆಡಳಿತವನ್ನು ಒಳಗಿನಿಂದ ಕಂಡವರು ಕೇಂದ್ರದ ಶಾಸನವು ಹಳ್ಳಿಯಲ್ಲಿ, ಬಡಾವಣೆಯಲ್ಲಿ ಹೇಗೆ ಜಾರಿಯಾದೀತೆಂಬುದನ್ನು ಚೆನ್ನಾಗಿ ಬಲ್ಲರು. ಆದರೆ ಇದನ್ನು ಬಡ್ತಿಯೆಂದು ಕರೆಯುವುದಕ್ಕಿಂತ ಹೊಣೆಯ ಬದಲಾವಣೆಯೆಂದು ಕರೆಯುವುದು ಯುಕ್ತ. ಬಡ್ತಿಯ ಫಲ ಪಡೆದವನಿಗೆ ಸೇರುತ್ತದೆ. ಹೊಣೆಯ ಲೆಕ್ಕವನ್ನು ಮತದಾರನಿಗೆ ಒಪ್ಪಿಸಬೇಕಾಗುತ್ತದೆ. ಯಾರಲ್ಲಿ ಯಾವ ಲೆಕ್ಕ ಕೇಳಬೇಕೆಂಬುದನ್ನು ಅರಿಯುವುದು ವಿದ್ಯಾವಂತರಾದ ನಮ್ಮೆಲ್ಲರ ಕರ್ತವ್ಯ.