ಚಿತ್ರವನ್ನು ಹೊರುವ ಹುರಿತಂತಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಗೂ, ನಾಡಿನ ಇತರ ಜಿಲ್ಲೆಗಳಿಗೂ 2024ನೆಯ ಇಸವಿಯು ಹೊಸದೊಂದು ಹೊಣೆಯನ್ನು ತಂದಿತು. ಆ ವರ್ಷದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕೊಠಡಿಗಳ ದೃಶ್ಯವನ್ನು ವೆಬ್‌ಕಾಸ್ಟಿಂಗ್ ಮೂಲಕ ಅಧಿಕಾರಿಗಳು ವೀಕ್ಷಿಸುವ ಏರ್ಪಾಡು ಜಾರಿಗೆ ಬಂದಿತು. ಚಿತ್ರವು ಮಸುಕಾದಲ್ಲಿ ನಿರ್ದೋಷಿಯಾದ ವಿದ್ಯಾರ್ಥಿಯ ಮೇಲೂ ಸಂಶಯ ಮೂಡೀತು. ಆದರೂ ಕ್ಯಾಮೆರಾದ ಬೆಲೆಯನ್ನು ವಿಚಾರಿಸುವಷ್ಟು ಆಸಕ್ತಿಯಿಂದ ಅದರ ತಂತಿಯನ್ನು ವಿಚಾರಿಸುವವರು ವಿರಳ.

ಹಳೆಯ ಅನಲಾಗ್ ಕ್ಯಾಮೆರಾದಿಂದ ಹೊರಡುವುದು ಸುಮಾರು 1 ವೋಲ್ಟಿನ ಏರಿಳಿತವುಳ್ಳ ವಿದ್ಯುತ್ತಿನ ಅಲೆ. ಅದನ್ನು ಒಯ್ಯಲು ಏರ್ಪಟ್ಟದ್ದು 75 ಓಮ್ ಗುಣದ ಕೋಆಕ್ಸಿಯಲ್ ಕೇಬಲ್. ಆದರೆ ಗಣಕಗಳಿಗಾಗಿ ಎಳೆದ ನೆಟ್‌ವರ್ಕ್ ಕೇಬಲ್ಲಿನಲ್ಲಿಯೂ ಅದನ್ನು ಕಳುಹಿಸಬಹುದು. ಇದರ ಗುಣ 100 ಓಮ್. ಒಳಗೆ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೊಸೆದುಕೊಂಡಿವೆ. ಈ ವ್ಯತ್ಯಾಸವನ್ನು ಹೊಂದಿಸಲು ಎರಡೂ ತುದಿಗಳಲ್ಲಿ ‘ಬಾಲನ್’ ಎಂಬ ಪುಟ್ಟ ಉಪಕರಣ ಬೇಕು.

ಇಂತಹ ಜೋಡಿಯನ್ನು ‘ತಿರುಚಿದ ಜೋಡಿ’ ಎನ್ನುವುದುಂಟು. ಹಗ್ಗ ಹೊಸೆಯುವವರ ಬಾಯಲ್ಲಿರುವ ‘ಹುರಿ’ ಎಂಬ ಅಚ್ಚಗನ್ನಡ ಪದವೇ ಇದಕ್ಕೆ ಹೆಚ್ಚು ಒಪ್ಪುತ್ತದೆ. ದೂರವಾಣಿಯ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದ ಈ ಹುರಿಯ ಮರ್ಮ ಬಲು ಸರಳ. ಜೋಡಿಯ ಒಂದು ತಂತಿಯಲ್ಲಿ ಅಲೆ ಏರಿದಾಗ ಮತ್ತೊಂದರಲ್ಲಿ ಇಳಿಯುತ್ತದೆ. ಗ್ರಹಿಸುವ ತುದಿಯು ಇವೆರಡರ ಅಂತರವನ್ನಷ್ಟೇ ಸ್ವೀಕರಿಸುತ್ತದೆ. ತಂತಿಗಳು ಸುತ್ತುಸುತ್ತಿಗೂ ಸ್ಥಾನ ಬದಲಿಸುವುದರಿಂದ ಪಕ್ಕದ ವಿದ್ಯುತ್ ತಂತಿಯ ಉಪದ್ರವ ಎರಡರ ಮೇಲೂ ಸಮನಾಗಿ ಬಿದ್ದು ಅಳಿದುಹೋಗುತ್ತದೆ. ತಕ್ಕಡಿಯ ಎರಡು ತಟ್ಟೆಗಳಲ್ಲೂ ಸಮನಾದ ಧೂಳು ಕೂತರೆ ತೂಕ ಕೆಡದಷ್ಟೆ!

ಸರ್ವರ್ ಕೋಣೆಗಳಲ್ಲಿ ಇದೇ ಹುರಿಯು ಬೇರೊಂದು ತೊಡಕನ್ನು ತಂದೊಡ್ಡುತ್ತದೆ. ಗಣಕದ ವಿ.ಜಿ.ಎ. ಚಿತ್ರವನ್ನು ದೂರದ ಪರದೆಗೆ ಒಯ್ಯುವಾಗ ಕೆಂಪು, ಹಸಿರು, ನೀಲಿ ವರ್ಣಗಳು ಒಂದೊಂದು ಜೋಡಿಯಲ್ಲಿ ಸಾಗುತ್ತವೆ. ಒಂದರ ಸಂಕೇತ ಮತ್ತೊಂದಕ್ಕೆ ಸೋರದಂತೆ ಪ್ರತಿಯೊಂದು ಜೋಡಿಯ ಹುರಿಯ ಬಿಗಿಯನ್ನೂ ಬೇರೆಬೇರೆಯಾಗಿ ಇಟ್ಟಿರುತ್ತಾರೆ. ಬಿಗಿಯಾದ ಹುರಿಯಲ್ಲಿ ತಂತಿಯ ನಿಜವಾದ ಉದ್ದ ಹೆಚ್ಚು. ಆದುದರಿಂದ ಆ ವರ್ಣ ತಡವಾಗಿ ತಲಪುತ್ತದೆ. ಕ್ಯಾಟ್-5ಇ ಕೇಬಲ್ಲಿನ 100 ಮೀಟರಿಗೆ ಈ ಅಂತರ 45 ನ್ಯಾನೊಸೆಕೆಂಡಿನವರೆಗೂ ಇರಲು ಅನುಮತಿಯುಂಟು. ಅಡ್ಡಕ್ಕೆ 1024, ಉದ್ದಕ್ಕೆ 768 ಬಿಂದುಗಳ, ಸೆಕೆಂಡಿಗೆ 60 ಬಾರಿ ಮೂಡುವ ಪರದೆಯಲ್ಲಿ ಒಂದು ಬಿಂದುವಿನ ಪಾಲಿಗೆ ಬರುವ ಕಾಲ ಸುಮಾರು 15 ನ್ಯಾನೊಸೆಕೆಂಡ್. ಎಂದರೆ ವರ್ಣಗಳು ಮೂರು ಬಿಂದುಗಳಷ್ಟು ಅಗಲಿ, ಬಿಳಿಯ ಅಕ್ಷರದ ಅಂಚಿಗೆ ಬಣ್ಣದ ನೆರಳು ಹತ್ತಬಹುದು. ಮುಂದಾಗಿ ಬರುವ ವರ್ಣಗಳನ್ನು ತಡೆದು, ಹಿಂದುಳಿದುದರ ಜೊತೆಗೂಡಿಸುವುದೇ ಇದಕ್ಕೆ ಪರಿಹಾರ.

ಶಾಲೆಯ ಕ್ಯಾಮೆರಾಕ್ಕೆ ಈ ತೊಡಕಿಲ್ಲ. ಅದರ ಬೆಳಕೂ ಬಣ್ಣವೂ ಒಂದೇ ಜೋಡಿಯಲ್ಲಿ ಕೂಡಿ ಸಾಗುತ್ತವೆ. ಆದರೆ ದೂರ ಹೆಚ್ಚಿದಂತೆಲ್ಲ ಮೇಲಿನ ಆವರ್ತನಗಳು ಮೊದಲು ಸೊರಗುತ್ತವೆ. ಪಾಲ್ ಪದ್ಧತಿಯಲ್ಲಿ ಬಣ್ಣವು 4.43 ಮೆಗಾಹರ್ಟ್ಸ್‌ನಷ್ಟು ಮೇಲೆ ಕುಳಿತಿರುವುದರಿಂದ ಆಕೃತಿ ಉಳಿದಿರುವಾಗಲೇ ಬಣ್ಣ ಮಾಸತೊಡಗುತ್ತದೆ. ಅಂಥಲ್ಲಿ ಕ್ಯಾಮೆರಾವನ್ನು ಹಳಿಯುವ ಮೊದಲು ತಂತಿಯ ಉದ್ದವನ್ನು ಅಳೆಯುವುದು ಲೇಸು.

ಮತ್ತೊಂದು ಎಚ್ಚರಿಕೆ. ಈ ಕೇಬಲ್ಲಿನ ತುದಿ ನೆಟ್‌ವರ್ಕ್ ತುದಿಯಂತೆಯೇ ಇದ್ದರೆ ಯಾರಾದರೂ ಅದನ್ನು ಸ್ವಿಚ್ಚಿಗೆ ಸಿಕ್ಕಿಸಿಯಾರು. ಚಿತ್ರವಂತೂ ಬಾರದು, ಕೆಲವು ಸ್ವಿಚ್ಚುಗಳು ಅದೇ ತಂತಿಯಲ್ಲಿ 48 ವೋಲ್ಟಿನಷ್ಟು ವಿದ್ಯುತ್ತನ್ನು ಹರಿಸುವುದರಿಂದ ಉಪಕರಣಕ್ಕೆ ಅಪಾಯವೂ ಒದಗಬಹುದು. ಎರಡೂ ತುದಿಗಳಿಗೆ ‘ಕ್ಯಾಮೆರಾ ತಂತಿ’ ಎಂದು ಬರೆದ ಚೀಟಿಯನ್ನು ಅಂಟಿಸಿದರೆ ಸಾಕು.